ಏರ್ ರೈಫಲ್, ಏರ್ ಪಿಸ್ತೂಲಿಗೆ ಸೈಟ್ ಆರಿಸುವ ಕ್ರಮ: ಮೊದಲು ಕಣ್ಣು, ಆಮೇಲೆ ಕತ್ತು, ಕೊನೆಗೆ ರಿಂಗ್

ರೇಂಜಿನಲ್ಲಿ ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ: "ಸಾರ್, ಎಷ್ಟರ ರಿಂಗ್ ಹಾಕ್ಲಿ?" ರಿಂಗ್ ಅಂದರೆ ರೈಫಲ್ ತುದಿಯ ಸೈಟಿನೊಳಗೆ ಕೂರುವ, ಗುರಿಯನ್ನು ನಡುವೆ ಇಟ್ಟು ನೋಡುವ ಬಳೆ. ಕೇಳುವವರಲ್ಲಿ ಹೊಸಬರೂ ಇರುತ್ತಾರೆ, ನಾಲ್ಕು ವರ್ಷದಿಂದ ಹೊಡೆಯುತ್ತಿರುವವರೂ ಇರುತ್ತಾರೆ. ಒಂದು ನಂಬರ್ ಹೇಳಿಬಿಟ್ಟರೆ ಖುಷಿಯಾಗಿ ಹೋಗುತ್ತಾರೆ. ಹದಿನೈದು ದಿನ ಬಿಟ್ಟು ಅದೇ ಪ್ರಶ್ನೆ ಹಿಡಿದುಕೊಂಡು ವಾಪಸ್ ಬರುತ್ತಾರೆ.

ಎಲ್ಲರೂ ಕೊನೆಯ ಹೆಜ್ಜೆಯಿಂದ ಶುರು ಮಾಡುವುದೇ ಇದಕ್ಕೆ ಕಾರಣ. ಕಣ್ಣು ಸರಿಯಿಲ್ಲದೆ ರಿಂಗ್ ಬದಲಾಯಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅದಕ್ಕೇ ಇಲ್ಲಿ ಕ್ರಮ ಮುಖ್ಯ. ಒಂದು ಹಂತ ಮುಗಿಯುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ.

ನಾನು ಬರೆಯುತ್ತಿರುವುದು 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿನ ಬಗ್ಗೆ ಮಾತ್ರ. ಈ ಎರಡರಲ್ಲೂ ದುರ್ಬೀನು, ಲೇಸರ್, ರೆಡ್ ಡಾಟ್ ನಡೆಯುವುದಿಲ್ಲ. ಬರೀ ಲೋಹದ ಸೈಟ್, ನಿಮ್ಮ ಕಣ್ಣು, ಅಷ್ಟೇ.

## ಮೊದಲು ಇಷ್ಟು ಸಾಮಾನು ಜೋಡಿಸಿಕೊಳ್ಳಿ

ಬೇರೆ ಬೇರೆ ಅಳತೆಯ ಫ್ರಂಟ್ ರಿಂಗ್‌ಗಳು ಬೇಕು. 3.6ರಿಂದ 4.6 ಮಿ.ಮೀ. ವರೆಗೆ ಐದಾರು ಇದ್ದರೆ ಸಾಕು. ತಿರುಗಿಸಿ ಅಳತೆ ಬದಲಾಯಿಸುವ ರಿಂಗ್ ಯಾರ ಹತ್ತಿರವಾದರೂ ಇದ್ದರೆ ಒಂದು ವಾರ ಸಾಲ ತನ್ನಿ. ಈಗಲೇ ಕೊಳ್ಳಬೇಡಿ. ಕಣ್ಣಿನ ಹತ್ತಿರದ ರಿಯರ್ ಸೈಟಿಗೆ, ಅದರ ನೋಡುವ ತೂತನ್ನು ಹಿಗ್ಗಿಸಿ ಕುಗ್ಗಿಸುವ ಐರಿಸ್ ಇರಲಿ.

ಇನ್ನು ಅಲೆನ್ ಕೀ, ಅರೆಪಾರದರ್ಶಕ ಟೇಪು, ಅಳತೆ ಟೇಪು, ಒಂದು ಬಿಳಿ ರಟ್ಟು, ಪೆನ್ಸಿಲ್ಲು, ನೋಟ್‌ಬುಕ್ಕು. ಈ ಕೊನೆಯದನ್ನು ತರದವರೇ ಜಾಸ್ತಿ. ನೋಟ್‌ಬುಕ್ ಇಲ್ಲದೆ ಸೈಟ್ ಪರೀಕ್ಷೆ ಮಾಡುವುದೂ ಒಂದೇ, ಲೆಕ್ಕ ಬರೆಯದೆ ಅಂಗಡಿ ನಡೆಸುವುದೂ ಒಂದೇ.

ಸೈಟ್ ಬಿಚ್ಚುವಾಗ, ಹಾಕುವಾಗ ಬ್ಯಾರಲ್ ಖಾಲಿ ಇರಬೇಕು, ಸೇಫ್ಟಿ ಫ್ಲ್ಯಾಗ್ (ಬ್ಯಾರಲ್ ಖಾಲಿ ಅಂತ ತೋರಿಸುವ ಬಣ್ಣದ ದಾರ) ಒಳಗಿರಬೇಕು, ಮೂತಿ ಟಾರ್ಗೆಟ್ ಕಡೆಗೇ ಇರಬೇಕು. "ರಿಂಗ್ ತಾನೇ, ಒಂದು ನಿಮಿಷ" ಅಂತ ಬಂದೂಕನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಳ್ಳುವವರನ್ನು ಲೈನಿನಿಂದ ಎಬ್ಬಿಸಿ ಕಳಿಸುತ್ತೇನೆ.

## ಹಂತ 1: ನಿಮ್ಮದು ಯಾವ ಕಣ್ಣು?

ಬಲಗೈಯವರಿಗೆ ಬಲಗಣ್ಣೇ ಯಜಮಾನ ಆಗಿರಬೇಕೆಂದಿಲ್ಲ. ನೋಡುವುದು ಸುಲಭ. ರಟ್ಟಿನ ನಡುವೆ ಎಂಟಾಣೆ ನಾಣ್ಯದಷ್ಟು ತೂತು ಮಾಡಿ. ಎರಡೂ ಕೈಯಲ್ಲಿ ಹಿಡಿದು, ಎರಡೂ ಕಣ್ಣು ಬಿಟ್ಟು, ತೂತಿನೊಳಗಿಂದ ದೂರದ ಸ್ವಿಚ್ಚನ್ನೋ ಗಡಿಯಾರವನ್ನೋ ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಮಾಯವಾಗುತ್ತದೋ ಅದೇ ಯಜಮಾನ.

ಒಂದೇ ಸಲ ಮಾಡಿ ನಂಬಬೇಡಿ. ಬೆಳಗ್ಗೆ ಐದು ಸಲ, ಸಂಜೆ ಐದು ಸಲ ಮಾಡಿ. ಮಕ್ಕಳಲ್ಲಿ ಉತ್ತರ ಅದಲು ಬದಲಾಗುವುದುಂಟು. ದೊಡ್ಡವರಲ್ಲೂ ಕೆಲವರಿಗೆ ಎರಡೂ ಕಣ್ಣು ಸಮ ಸಮ.

ಕೈ ಬಲ, ಕಣ್ಣು ಎಡ ಅಂತಾದರೆ ಏನು ಮಾಡುವುದು? ಶುರು ಮಾಡಿ ಒಂದೆರಡು ತಿಂಗಳಷ್ಟೇ ಆಗಿದ್ದರೆ ರೈಫಲ್ಲನ್ನು ಎಡ ಹೆಗಲಿಗೆ ಹಾಕಿ ನೋಡಿ. ವಿಚಿತ್ರ ಅನ್ನಿಸುತ್ತದೆ, ಆದರೆ ಬೇಗ ಒಗ್ಗುತ್ತದೆ. ವರ್ಷಗಟ್ಟಲೆ ಬಲ ಹೆಗಲಲ್ಲಿ ಹೊಡೆದವರಿಗೆ, ಗುರಿ ಇಡದ ಕಣ್ಣಿಗೆ ಅಡ್ಡ ಇಡುವ ಬ್ಲೈಂಡರ್ ಸಾಕು.

ಬ್ಲೈಂಡರ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಪ್ಪು ರಟ್ಟು ಹಾಕುತ್ತಾರೆ. ನಮ್ಮ ಎರಡೂ ಕಣ್ಣಿನ ಪಾಪೆ ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ. ಒಂದು ಕಣ್ಣಿಗೆ ಕತ್ತಲೆ ಮಾಡಿದರೆ ಗುರಿ ಇಡುವ ಕಣ್ಣಿನ ಪಾಪೆಯೂ ಹಿಗ್ಗಿ, ಸೈಟು ಮಸುಕಾಗುತ್ತದೆ. ಬಿಳಿ ಅಥವಾ ಅರೆಪಾರದರ್ಶಕ ಬ್ಲೈಂಡರ್ ಹಾಕಿ. ಬೆಳಕು ಬರಬೇಕು, ಚಿತ್ರ ಬರಬಾರದು. ಪಂದ್ಯದ ನಿಯಮದಂತೆ ಕಣ್ಣ ಮುಂದಿನ ಬ್ಲೈಂಡರ್ 30 ಮಿ.ಮೀ. ಅಗಲ ಮೀರಬಾರದು.

ಕಣ್ಣು ಹಿಂಡಿ ಮುಚ್ಚಿಕೊಂಡು ಹೊಡೆಯುವುದಂತೂ ಬೇಡವೇ ಬೇಡ. ಇಪ್ಪತ್ತು ಶಾಟ್ ಆಗುವಷ್ಟರಲ್ಲಿ ಕೆನ್ನೆ ಅದುರುತ್ತದೆ.

## ಹಂತ 2: ಕನ್ನಡಕದ ಲೆಕ್ಕ ಮುಗಿಸಿ

ಫ್ರಂಟ್ ಸೈಟು ಕಣ್ಣಿನಿಂದ ಹೆಚ್ಚು ಕಡಿಮೆ ಒಂದು ಮೀಟರ್ ದೂರದಲ್ಲಿದೆ. ಟಾರ್ಗೆಟ್ 10 ಮೀಟರ್ ದೂರದಲ್ಲಿದೆ. ಎರಡನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಕಣ್ಣು ಯಾರಿಗೂ ಇಲ್ಲ. ಹದಿನೈದರ ಹುಡುಗನ ಕಣ್ಣು ಇವೆರಡರ ನಡುವೆ ಸರಕ್ಕನೆ ಓಡಾಡುತ್ತದೆ. ನಲವತ್ತು ದಾಟಿದ ಮೇಲೆ ಆ ಓಡಾಟ ನಿಧಾನವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ.

ನಮ್ಮಲ್ಲಿಗೆ ಬರುವ ಒಬ್ಬ ಮೇಷ್ಟ್ರಿಗೆ ಐವತ್ತೆರಡು. ಆರು ತಿಂಗಳು ರಿಂಗ್ ಬದಲಾಯಿಸಿದರು, ಐರಿಸ್ ಬದಲಾಯಿಸಿದರು, ಇನ್ನೇನು ರೈಫಲ್ಲನ್ನೇ ಮಾರುವುದರಲ್ಲಿದ್ದರು. ಒಂದು ದಿನ ಅವರು ಗುರಿ ಇಡುವುದನ್ನು ಪಕ್ಕದಿಂದ ನೋಡಿದೆ. ಪ್ರೊಗ್ರೆಸಿವ್ ಕನ್ನಡಕ, ಮೇಲಿನಿಂದ ಕೆಳಗೆ ಪವರ್ ಬದಲಾಗುತ್ತಾ ಹೋಗುವಂಥದ್ದು. ತಲೆ ಬಗ್ಗಿಸಿದಾಗ ಗಾಜಿನ ಮೇಲಂಚಿನಿಂದ ನೋಡುತ್ತಿದ್ದರು, ಕತ್ತು ಸ್ವಲ್ಪ ಎತ್ತಿದರೆ ನಡುಭಾಗದಿಂದ. ಪ್ರತಿ ಶಾಟಿಗೂ ಬೇರೆ ಪವರ್! ಒಂದೇ ಪವರಿನ ಗಾಜು ಹಾಕಿಸಿದ ಮೇಲೆ ಹಳೆಯ ರಿಂಗೇ ಸಾಕಾಯಿತು.

ಕ್ರಮ ಹೀಗಿರಲಿ. ಮನೆಯಲ್ಲೋ ರೇಂಜಿನಲ್ಲೋ ಪೊಸಿಷನ್‌ನಲ್ಲಿ ನಿಂತು, ಕಣ್ಣಿನಿಂದ ಫ್ರಂಟ್ ಸೈಟಿಗೆ ಎಷ್ಟು ದೂರ ಅಂತ ಇನ್ನೊಬ್ಬರಿಂದ ಅಳೆಸಿ. ಆ ಅಳತೆ ಹಿಡಿದು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ದೂರದ ನೋಟಕ್ಕಿರುವ ನಿಮ್ಮ ಪವರಿನ ಮೇಲೆ +0.50 ಅಥವಾ +0.75 ಸೇರಿಸಿ ಟ್ರಯಲ್ ಫ್ರೇಮಿನಲ್ಲಿ ತೋರಿಸಲು ಕೇಳಿ. ರೈಫಲ್ಲಿನವರಲ್ಲಿ ಬಹಳ ಜನಕ್ಕೆ ಮೊದಲನೆಯದು ಹಿಡಿಸುತ್ತದೆ, ಪಿಸ್ತೂಲಿನವರಿಗೆ ಎರಡನೆಯದು. ನಿಮಗೆ ಎರಡೂ ಹಿಡಿಸದೆ ಇರಬಹುದು. ಅದನ್ನು ಗಾಜು ಹಾಕಿ ನೋಡಿಯೇ ತೀರ್ಮಾನಿಸಬೇಕು. ಪವರ್ ಸೇರಿಸಿದಾಗ ಫ್ರಂಟ್ ಸೈಟು ಚೂಪಾಗಬೇಕು, ಬುಲ್ (ಟಾರ್ಗೆಟ್‌ನ ನಡುವಿನ ಕಪ್ಪು) ಸ್ವಲ್ಪ ಮೆತ್ತಗಾಗಬೇಕು. ಬುಲ್ ಪೂರ್ತಿ ಕರಗಿ ಹೋದರೆ ಪವರ್ ಜಾಸ್ತಿಯಾಯಿತು ಅಂತ ಅರ್ಥ.

ದುಂಡಗಿನ ರಿಂಗ್ ಮೊಟ್ಟೆಯಂತೆ ಉದ್ದಕ್ಕೆ ಕಂಡರೆ ಮೊದಲು ಕಣ್ಣು ತೋರಿಸಿ. ಅದು ಸಿಲಿಂಡರ್ ಪವರಿನ ತೊಂದರೆ ಇರಬಹುದು. ಅಂಥವರು ರಿಂಗ್ ಮೇಲೆ ಎಷ್ಟು ಖರ್ಚು ಮಾಡಿದರೂ ಉಪಯೋಗವಿಲ್ಲ.

ಶೂಟಿಂಗ್‌ಗೆಂದೇ ಬರುವ ಫ್ರೇಮ್ ಬೇಕೇ ಬೇಕಾ? 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಮಾಮೂಲಿ ಕನ್ನಡಕದಲ್ಲಿ, ಎರಡೂ ಕಣ್ಣು ಬಿಟ್ಟು, ಒಂದು ಕೈ ಜೇಬಿನಲ್ಲಿಟ್ಟು ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಆ ಫೋಟೋ ನೋಡಿದ ಮೇಲೆ ನಮ್ಮ ಹುಡುಗರಲ್ಲಿ ಇಬ್ಬರು ಬ್ಲೈಂಡರ್ ಕಿತ್ತು ಬಿಸಾಡಿದರು. ವಾರದೊಳಗೆ ಇಬ್ಬರೂ ಮತ್ತೆ ಅಂಟಿಸಿಕೊಂಡರು. ಅವರ ಕಣ್ಣು ಅವರಿಗೆ, ನಿಮ್ಮ ಕಣ್ಣು ನಿಮಗೆ. ರೈಫಲ್ಲಿನಲ್ಲಿ ಮಾತ್ರ ತಲೆ ವಾಲುವುದರಿಂದ ಮಾಮೂಲಿ ಕನ್ನಡಕದ ಮೂಲೆಯಿಂದ ನೋಡುವ ಹಾಗಾಗುತ್ತದೆ. ಅಲ್ಲಿ ಗಾಜನ್ನು ಕಣ್ಣಿಗೆ ನೇರ ಮಾಡಿಕೊಳ್ಳುವ ಶೂಟಿಂಗ್ ಫ್ರೇಮ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

## ಹಂತ 3: ಕತ್ತು ಸರಿಯಾದ ಜಾಗಕ್ಕೆ ಬರಲಿ

ಸೈಟು ಕಣ್ಣಿನ ಹತ್ತಿರ ಬರಬೇಕು. ಕಣ್ಣು ಸೈಟನ್ನು ಹುಡುಕಿಕೊಂಡು ಹೋಗಬಾರದು.

ಕಣ್ಣು ಮುಚ್ಚಿ. ರೈಫಲ್ ಹೆಗಲಿಗೆ ಏರಿಸಿ, ತಲೆಯನ್ನು ತನ್ನ ಭಾರಕ್ಕೆ, ಕೆನ್ನೆ ಒರಗಿಸುವ ಚೀಕ್‌ಪೀಸ್ ಮೇಲೆ ಬಿಡಿ. ಒಂದು ಉಸಿರು ಬಿಟ್ಟು ಕಣ್ಣು ತೆರೆಯಿರಿ. ರಿಯರ್ ಸೈಟಿನ ತೂತಿನ ನಟ್ಟನಡುವೆ ಫ್ರಂಟ್ ಟನಲ್ (ರಿಂಗ್ ಕೂರುವ ಕೊಳವೆ) ಕಂಡರೆ ಸರಿ. ಮೇಲೆ, ಕೆಳಗೆ, ಪಕ್ಕಕ್ಕೆ ಕಂಡರೆ ಚೀಕ್‌ಪೀಸ್ ಸರಿಸಿ, ಮತ್ತೆ ಕಣ್ಣು ಮುಚ್ಚಿ ಶುರು ಮಾಡಿ. ಹತ್ತರಲ್ಲಿ ಒಂಬತ್ತು ಸಲ ನಡುವೆ ಬರುವವರೆಗೆ ಬಿಡಬೇಡಿ.

ಉದ್ದ ಕತ್ತಿನವರಿಗೆ ಚೀಕ್‌ಪೀಸ್ ಎಷ್ಟು ಏರಿಸಿದರೂ ತಲೆ ಬಗ್ಗಿಸಲೇಬೇಕಾಗುತ್ತದೆ. ಅವರು ಸೈಟಿನ ಕೆಳಗೆ ಎತ್ತರದ ಬ್ಲಾಕ್ ಹಾಕಿಕೊಳ್ಳಬೇಕು. ಹಿಂದೆ ಎಷ್ಟು ಎತ್ತರಿಸಿದಿರೋ ಮುಂದೆಯೂ ಅಷ್ಟೇ ಎತ್ತರಿಸಿ. ಹಿಂದಿನದನ್ನು ಮಾತ್ರ ಎತ್ತರಿಸಿದರೆ ಪೆಲೆಟ್ ಮೇಲಕ್ಕೆ ಹೋಗಿ, ಕೆಳಗಿಳಿಸಲು ಸೈಟಿನ ತಿರುಪಿನ ಕ್ಲಿಕ್ಕುಗಳೇ ಸಾಲದೆ ಬರಬಹುದು.

ಕಣ್ಣಿನಿಂದ ರಿಯರ್ ಸೈಟಿಗೆ 5ರಿಂದ 8 ಸೆಂ.ಮೀ. ಇಟ್ಟು ಶುರು ಮಾಡಿ. ರೆಪ್ಪೆ ತಾಗಿದರೆ ಹತ್ತಿರವಾಯಿತು. ಟನಲ್‌ನ ಸುತ್ತ ರೇಂಜಿನ ಗೋಡೆ, ಪಕ್ಕದ ಲೈನಿನ ಟಾರ್ಗೆಟ್ ಎಲ್ಲ ಕಾಣುತ್ತಿದ್ದರೆ ಐರಿಸ್ ಅಗಲವಾಗಿದೆ ಅಥವಾ ಕಣ್ಣು ತೀರಾ ಹತ್ತಿರವಿದೆ. ದೂರ ಮುಖ್ಯವೇ, ಆದರೆ ಅದಕ್ಕಿಂತ ಮುಖ್ಯ ಪ್ರತಿ ಸಲವೂ ಅಷ್ಟೇ ದೂರ ಇರುವುದು. ಸರಿಯಾದ ಜಾಗ ಸಿಕ್ಕ ಕೂಡಲೇ ಸೈಟ್ ಕೂರುವ ಪಟ್ಟಿಯ (ರೈಲ್) ಮೇಲೆ ಪೆನ್ಸಿಲ್ ಗೆರೆ ಎಳೆದುಬಿಡಿ.

## ಹಂತ 4: ಐರಿಸ್

ಇದು ಬೇಗ ಮುಗಿಯುವ ಹಂತ. 1.1 ಮಿ.ಮೀ.ಗೆ ಇಟ್ಟು ಬಿಳಿ ಟಾರ್ಗೆಟ್ ನೋಡಿ. ನಿಧಾನಕ್ಕೆ ಕುಗ್ಗಿಸುತ್ತಾ ಬನ್ನಿ. ಒಂದು ಹಂತದವರೆಗೆ ಬುಲ್ ಚೂಪಾಗುತ್ತದೆ. ಅದು ದಾಟಿದರೆ ಬಿಳಿ ಬೂದು ಬಣ್ಣವಾಗುತ್ತದೆ, ಅಂಚು ಮತ್ತೆ ಮಸುಕಾಗುತ್ತದೆ. ಅಲ್ಲಿಂದ ಒಂದು ಚೂರು ವಾಪಸ್ ಹಿಗ್ಗಿಸಿ. ಅದೇ ನಿಮ್ಮದು.

ವಯಸ್ಸಾದವರಿಗೆ ಪಾಪೆ ಚಿಕ್ಕದಾಗುತ್ತಾ ಬರುವುದರಿಂದ ಬೆಳಕು ಜಾಸ್ತಿ ಬೇಕು. ಮಗ 1.0ರಲ್ಲಿ ಹೊಡೆದರೆ ಅಪ್ಪನಿಗೆ 1.3 ಬೇಕಾಗಬಹುದು. ರೇಂಜಿನ ಬೆಳಕಿಗೂ ಇದು ಬದಲಾಗುತ್ತದೆ. ಹೊಸ ರೇಂಜಿಗೆ ಹೋದಾಗ ಲೆಕ್ಕಕ್ಕಿಲ್ಲದ ಸೈಟಿಂಗ್ ಶಾಟ್‌ಗಳ ಸಮಯದಲ್ಲೇ ಸರಿ ಮಾಡಿಕೊಳ್ಳಿ. ಪಂದ್ಯ ಶುರುವಾದ ಮೇಲೆ ಮುಟ್ಟಬೇಡಿ.

## ಹಂತ 5: ಈಗ ಫ್ರಂಟ್ ರಿಂಗ್

ಒಂದು ಸಣ್ಣ ಲೆಕ್ಕ ಮಾಡೋಣ. ಏರ್ ರೈಫಲ್ ಟಾರ್ಗೆಟ್‌ನ ಕಪ್ಪು ಭಾಗ 30.5 ಮಿ.ಮೀ. ಅದು 10 ಮೀಟರ್ ದೂರದಲ್ಲಿದೆ. ನಿಮ್ಮ ಫ್ರಂಟ್ ಸೈಟು ಕಣ್ಣಿನಿಂದ 90 ಸೆಂ.ಮೀ. ಅಂದುಕೊಳ್ಳಿ. 30.5ನ್ನು 0.9ರಿಂದ ಗುಣಿಸಿ 10ರಿಂದ ಭಾಗಿಸಿದರೆ 2.7 ಮಿ.ಮೀ. ಬರುತ್ತದೆ. ಅಂದರೆ ರಿಂಗ್ ಇರುವ ಜಾಗದಲ್ಲಿ ಬುಲ್ ಕಾಣುವುದು 2.7 ಮಿ.ಮೀ. ದಪ್ಪಕ್ಕೆ. 4.0ರ ರಿಂಗ್ ಹಾಕಿದರೆ ಸುತ್ತ 0.65 ಮಿ.ಮೀ. ಬಿಳಿ ಉಳಿಯುತ್ತದೆ. 3.2 ಹಾಕಿದರೆ ಕಾಲು ಮಿ.ಮೀ. ಮಾತ್ರ.

ಅದೇ 4.0ರ ರಿಂಗ್ ಉದ್ದ ಕೈಯ, ಉದ್ದ ಬ್ಯಾರಲ್ ಎಕ್ಸ್‌ಟೆನ್ಷನ್ ಹಾಕಿದವನ ರೈಫಲ್ಲಿನಲ್ಲಿ ಬಿಗಿಯಾಗಿ ಕಾಣುತ್ತದೆ. ಗಿಡ್ಡ ರೈಫಲ್ ಹಿಡಿದ ಹನ್ನೆರಡರ ಹುಡುಗಿಗೆ ಸಡಿಲವಾಗಿ ಕಾಣುತ್ತದೆ. ಪಕ್ಕದವನ ನಂಬರ್ ನಿಮಗೆ ಹೊಂದದೆ ಇರುವುದು ಇದಕ್ಕೇ. 50 ಮೀಟರ್ ರೈಫಲ್ಲಿಗೆ ಹೋದಾಗಲೂ ಇದೇ ಲೆಕ್ಕ ಹಾಕಿ. ಅಲ್ಲಿ ಕಪ್ಪು 112.4 ಮಿ.ಮೀ. ಇದ್ದರೂ ದೂರ ಐದು ಪಟ್ಟು. ಬುಲ್ ಇನ್ನೂ ಚಿಕ್ಕದಾಗಿ ಕಾಣುತ್ತದೆ.

ಚಿಕ್ಕ ರಿಂಗ್ ಹಾಕಿದರೆ ನಿಖರತೆ ಹೆಚ್ಚುತ್ತದೆ ಅನ್ನಿಸುವುದು ಸಹಜ. ನಾನೂ ಆ ಬಲೆಗೆ ಬಿದ್ದವನೇ. ಶುರುವಿನ ದಿನಗಳಲ್ಲಿ, ಚೆನ್ನಾಗಿ ಹೊಡೆಯುವ ಸೀನಿಯರ್ ಒಬ್ಬರ ಟನಲ್ಲಿನೊಳಗೆ ಇಣುಕಿ 3.3 ಅಂತ ಓದಿಕೊಂಡು ಬಂದೆ. ಅದನ್ನೇ ತರಿಸಿ ಹಾಕಿದೆ. ಬಿಳಿ ಗೆರೆ ಕೂದಲೆಳೆಯಷ್ಟು. ರೈಫಲ್ ಸ್ವಲ್ಪ ಅಲುಗಿದರೂ ಬುಲ್ ರಿಂಗಿನ ಅಂಚಿಗೆ ಬಡಿಯುತ್ತಿತ್ತು. ಬಡಿದ ಕೂಡಲೇ ಬೆರಳು ಹಿಂದೇಟು ಹಾಕುತ್ತಿತ್ತು. ಹತ್ತು ಸೆಕೆಂಡ್, ಹದಿನೈದು, ಇಪ್ಪತ್ತು, ಆಮೇಲೆ ಇನ್ನು ತಡೆಯಲಾರದೆ ಟ್ರಿಗರ್ ಕಿತ್ತುಬಿಡುವುದು. ಮೂರು ತಿಂಗಳು ಟ್ರಿಗರನ್ನು ಬೈದುಕೊಂಡೆ. ತಪ್ಪು ರಿಂಗಿನದಾಗಿತ್ತು. 4.2ಕ್ಕೆ ಹೋದ ದಿನವೇ ಎಂಟು ಸೆಕೆಂಡಿಗೆ ಶಾಟ್ ಬಿಡತೊಡಗಿದೆ.

ನಿಮ್ಮ ಕೈ ಎಷ್ಟು ಅಲುಗುತ್ತದೋ ಅಷ್ಟನ್ನು ನುಂಗಿಕೊಳ್ಳುವಷ್ಟು ಬಿಳಿ ಬೇಕು. ಹೊಸಬರಿಗೆ ಜಾಸ್ತಿ, ಹಳಬರಿಗೆ ಸ್ವಲ್ಪ ಕಡಿಮೆ. ಆದರೆ ತೀರಾ ಜಾಸ್ತಿಯಾದರೆ ಬುಲ್ ನಡುವೆ ಇದೆಯೋ ಇಲ್ಲವೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಆಗ ಪೆಲೆಟ್‌ಗಳು ಹರಡುತ್ತವೆ, ಮನಸ್ಸಿಗೆ ಮಾತ್ರ ಎಲ್ಲ ಚೆನ್ನಾಗಿತ್ತು ಅನ್ನಿಸುತ್ತಿರುತ್ತದೆ.

ಪಾರದರ್ಶಕ ರಿಂಗ್ ಬೇಕೋ ಲೋಹದ್ದು ಬೇಕೋ ಅನ್ನುವುದು ಪೂರ್ತಿ ಅವರವರ ಇಷ್ಟ. ಪಾರದರ್ಶಕದಲ್ಲಿ ಬೆಳಕು ಜಾಸ್ತಿ ಬರುತ್ತದೆ. ಕೆಲವರಿಗೆ ಅದರ ಅಂಚಿನ ಹೊಳಪು ಕಿರಿಕಿರಿ. ನನಗೆ ಲೋಹದ ದಪ್ಪ ಅಂಚೇ ಇಷ್ಟ, ಕಾರಣ ಕೇಳಬೇಡಿ.

## ಹಂತ 6: ಕುರುಡು ಪರೀಕ್ಷೆ

ಮೂರು ರಿಂಗ್ ಆರಿಸಿ. 3.8, 4.1, 4.4 ಇರಲಿ. ಗೆಳೆಯನೊಬ್ಬನಿಗೆ ಕೊಡಿ. ಯಾವುದು ಹಾಕಿದ ಅಂತ ಅವನು ನಿಮಗೆ ಹೇಳಬಾರದು, ನೀವು ಇಣುಕಬಾರದು. ಪ್ರತಿ ರಿಂಗಿಗೂ ಹತ್ತು ಶಾಟ್, ಮಧ್ಯೆ ಐದು ನಿಮಿಷ ವಿಶ್ರಾಂತಿ. ಸ್ಕೋರ್ ತೋರಿಸುವ ಮಾನಿಟರ್ ತಿರುಗಿಸಿಡಿ. ಒಂದೇ ದಿನ ಮುಗಿಸಬೇಡಿ, ಬೇರೆ ಬೇರೆ ದಿನ ಐದು ಸಲ ಮಾಡಿ. ಪ್ರತಿ ಸಲವೂ ರಿಂಗಿನ ಸರದಿ ಬದಲಾಗಲಿ. ಇಲ್ಲದಿದ್ದರೆ ಕೊನೆಗೆ ಬಂದ ರಿಂಗ್ ನಿಮ್ಮ ಸುಸ್ತಿನ ಪಾಪವನ್ನೂ ಹೊರುತ್ತದೆ.

ನೋಡಬೇಕಾದ್ದು ಗ್ರೂಪಿನ (ಪೆಲೆಟ್‌ಗಳು ಬಿದ್ದ ಗುಂಪಿನ) ಅಗಲ, ಸ್ಕೋರ್ ಅಲ್ಲ. ರಿಂಗ್ ಬದಲಾದಾಗ ಗ್ರೂಪ್ ಸ್ವಲ್ಪ ಪಕ್ಕಕ್ಕೆ ಸರಿಯಬಹುದು, ಅದನ್ನು ಆಮೇಲೆ ಕ್ಲಿಕ್ಕಿನಲ್ಲಿ ಸರಿ ಮಾಡಬಹುದು. ಏರ್ ರೈಫಲ್ಲಿನ ಹತ್ತರ ಚುಕ್ಕೆ ಬರೀ 0.5 ಮಿ.ಮೀ., ಪೆಲೆಟ್ 4.5 ಮಿ.ಮೀ. ಅಷ್ಟು ಸಣ್ಣ ಜಾಗದಲ್ಲಿ ಸ್ಕೋರ್ ನೋಡಿ ತೀರ್ಪು ಕೊಟ್ಟರೆ ಮೋಸ ಹೋಗುತ್ತೀರಿ.

ಪ್ರತಿ ಹತ್ತು ಶಾಟಿಗೂ ಮೂರು ಮಾತು ಬರೆಯಿರಿ: ಸರಾಸರಿ ಎಷ್ಟು ಸೆಕೆಂಡಿಗೆ ಶಾಟ್ ಹೋಯಿತು, ಎಷ್ಟು ಸಲ ರೈಫಲ್ ಕೆಳಗಿಳಿಸಿದಿರಿ, ಕಣ್ಣು ಹೇಗಿತ್ತು. ಎರಡು ರಿಂಗಿನ ಗ್ರೂಪ್ ಒಂದೇ ಥರ ಬಂದರೆ ಕಡಿಮೆ ಸಲ ಕೆಳಗಿಳಿಸಿದ್ದನ್ನು ಇಟ್ಟುಕೊಳ್ಳಿ.

## ಹಂತ 7: ಪಿಸ್ತೂಲಿನವರಿಗೆ ಬೇರೆ ಮಾತು

ಪಿಸ್ತೂಲಿನಲ್ಲಿ ರಿಂಗ್ ಇಲ್ಲ. ಮುಂದೆ ಚೌಕದ ಬ್ಲೇಡು, ಹಿಂದೆ ಚೌಕದ ಗಾಡಿ, ಅಂದರೆ ಬ್ಲೇಡನ್ನು ನಡುವೆ ಇಟ್ಟು ನೋಡುವ ಕಚ್ಚು. ಬ್ಲೇಡಿನ ತಲೆ ಗಾಡಿಯ ತಲೆಗೆ ಸಮ ಇರಬೇಕು, ಎಡಬಲದ ಬೆಳಕು ಸಮ ಇರಬೇಕು. ಇಲ್ಲಿ ಆರಿಸಬೇಕಾದ್ದು ಆ ಬೆಳಕಿನ ಅಗಲವನ್ನು.

ಬ್ಲೇಡು 4.5 ಮಿ.ಮೀ., ಕಣ್ಣಿನಿಂದ ಅದಕ್ಕೆ 1 ಮೀಟರ್, ಗಾಡಿಗೆ 66 ಸೆಂ.ಮೀ. ಅಂದುಕೊಳ್ಳಿ. ಗಾಡಿಯ ಜಾಗದಲ್ಲಿ ಬ್ಲೇಡು 3 ಮಿ.ಮೀ. ಅಗಲ ಕಾಣುತ್ತದೆ. ಗಾಡಿಯನ್ನು 4 ಮಿ.ಮೀ.ಗೆ ತೆರೆದರೆ ಎರಡೂ ಕಡೆ ಅರ್ಧರ್ಧ ಮಿ.ಮೀ. ಬೆಳಕು. ಶುರುವಿಗೆ ಇದು ಒಳ್ಳೆಯ ಜಾಗ. ವಯಸ್ಸಾದ ಕಣ್ಣಿಗೆ ಇನ್ನಷ್ಟು ತೆರೆಯಿರಿ. ಬ್ಲೇಡಿನ ಪಕ್ಕಗಳು ನಡುಗಿದಂತೆ, ಎರಡೆರಡು ಗೆರೆಯಂತೆ ಕಂಡರೆ ಬೆಳಕು ಸಾಲದು ಅಂತ ಅರ್ಥ.

ಕಣ್ಣು ಬ್ಲೇಡಿನ ಮೇಲೇ ಯಾಕಿರಬೇಕು ಅಂತ ಹುಡುಗರು ಕೇಳುತ್ತಾರೆ. ಎರಡು ಸೈಟಿನ ನಡುವೆ 34 ಸೆಂ.ಮೀ. ಇದ್ದರೆ, ಬ್ಲೇಡು ಗಾಡಿಯಲ್ಲಿ ಒಂದೇ ಒಂದು ಮಿ.ಮೀ. ಓರೆಯಾದರೂ ಟಾರ್ಗೆಟ್ ಮೇಲೆ ಪೆಲೆಟ್ 29 ಮಿ.ಮೀ. ಸರಿಯುತ್ತದೆ. ಸಿಗುವುದು 7 ಅಂಕ. ಸೈಟು ಸಮ ಇದ್ದು ಕೈ ಇಡಿಯಾಗಿ 7 ಮಿ.ಮೀ. ಅಲುಗಿದರೆ? ಆಗಲೂ 10 ಅಂಕ. ಹಾಗಾಗಿ ಗುರಿಯನ್ನು ಕಪ್ಪಿನ ಕೆಳಗೆ, ಬಿಳಿಯಲ್ಲಿ ಇಡಿ. ಕಪ್ಪು ಬ್ಲೇಡು ಕಪ್ಪು ಬುಲ್‌ನೊಳಗೆ ಕಳೆದುಹೋಗುವುದಿಲ್ಲ.

ಕೊಡಗಿನಿಂದ ಬಂದ ಹುಡುಗರಲ್ಲಿ ಒಂದು ಅಭ್ಯಾಸ ನೋಡಿದ್ದೇನೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕೋವಿ ಹಿಡಿದು ಬೆಳೆದವರು. 12 ಬೋರಿನ ಮೂತಿಯಲ್ಲಿರುವ ಮಣಿಯನ್ನು ಅವರು ನೋಡುವುದೇ ಇಲ್ಲ, ಕಣ್ಣು ಕಾಯಿಯ ಮೇಲೆ. ಆ ಕೋವಿಗೆ ಅದು ಒಗ್ಗುತ್ತದೆ. ಅದೇ ಕಣ್ಣನ್ನು ಏರ್ ಪಿಸ್ತೂಲಿಗೆ ತಂದರೆ ಬುಲ್ ಚೂಪು, ಬ್ಲೇಡು ಮಸುಕು. ಅವರಿಗೆ ನಾನು ಒಂದು ತಿಂಗಳು ಖಾಲಿ ಬಿಳಿ ಹಾಳೆಗೆ ಹೊಡೆಸುತ್ತೇನೆ. ಬುಲ್ಲೇ ಇಲ್ಲದಿದ್ದರೆ ಕಣ್ಣು ಬೇರೆಲ್ಲಿ ಹೋಗುತ್ತದೆ, ಅಲ್ವಾ?

## ಏನೋ ತಪ್ಪಾಗಿದೆ ಅಂತ ತಿಳಿಯುವುದು ಹೇಗೆ

ಬುಲ್ ಸುತ್ತಲಿನ ಬಿಳಿ ಮಿಣುಕು ಮಿಣುಕು ಅಂದರೆ ರಿಂಗ್ ಚಿಕ್ಕದು. ಗುರಿ ಇಟ್ಟು ಹನ್ನೆರಡು ಸೆಕೆಂಡ್ ದಾಟುವುದು ಅಭ್ಯಾಸವಾಗಿದ್ದರೂ ಅದೇ ಅನುಮಾನ.

ಗ್ರೂಪ್ ಅಡ್ಡಕ್ಕೆ ಹರಡಿದ್ದರೆ ರಿಂಗ್ ಮುಟ್ಟುವ ಮೊದಲು ರೈಫಲ್ ವಾಲುತ್ತಿದೆಯೇ ನೋಡಿ. ಟನಲ್ಲಿನ ಪಕ್ಕದ ಅಡ್ಡಗೆರೆ ನೆಲಕ್ಕೆ ಸಮವಾಗಿ ಇರಬೇಕು. ಕೆಲವರ ದೇಹಕ್ಕೆ ಸ್ವಲ್ಪ ವಾಲುವುದೇ ಹಿತ. ವಾಲಲಿ, ಆದರೆ ಪ್ರತಿ ಸಲ ಅಷ್ಟೇ ವಾಲಲಿ.

ಮೊದಲ ಇಪ್ಪತ್ತು ಶಾಟ್ ಚೆನ್ನಾಗಿದ್ದು, ಆಮೇಲೆ ಕಣ್ಣಲ್ಲಿ ನೀರು, ತಲೆನೋವು ಬಂದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ. ಅದು ಕನ್ನಡಕದ ದೂರು. ಗುರಿ ಇಟ್ಟು ಕಣ್ಣನ್ನು ಎಂಟು ಸೆಕೆಂಡಿಗಿಂತ ಹೆಚ್ಚು ನೆಟ್ಟರೂ ಹೀಗಾಗುತ್ತದೆ. ಆ ಚಿತ್ರ ಕಣ್ಣಿನಲ್ಲೇ ಅಚ್ಚಾಗಿ, ಸೈಟು ಸರಿದರೂ ಸರಿದಂತೆ ಕಾಣುವುದಿಲ್ಲ.

ಒಂದೇ ದಿನ ಎರಡು ಬದಲಾವಣೆ ಮಾಡುವುದು ನಾನು ನೋಡುವ ಅತಿ ದೊಡ್ಡ ತಪ್ಪು. ರಿಂಗೂ ಬದಲು, ಐರಿಸ್ಸೂ ಬದಲು. ಸ್ಕೋರ್ ಏರಿದರೆ ಯಾವುದಕ್ಕೆ ಏರಿತು? ಇಳಿದರೆ ಯಾವುದನ್ನು ವಾಪಸ್ ಹಾಕುತ್ತೀರಿ? ಪಂದ್ಯಕ್ಕೆ ಮೂರು ವಾರ ಇರುವಾಗ ಏನನ್ನೂ ಬದಲಾಯಿಸಬೇಡಿ.

ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಮೂರನೇ ಹಂತದಿಂದ ಮತ್ತೆ ಮಾಡಿಸಿ. ಕತ್ತು, ಕೈ ಉದ್ದವಾಗಿರುತ್ತವೆ. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಎರಡನೇ ಹಂತದಿಂದ ಶುರು ಮಾಡಿ. ಬಿಚ್ಚಿದ ಹಳೆ ರಿಂಗ್‌ಗಳನ್ನು ಅಳತೆ ಬರೆದು ಡಬ್ಬಿಯಲ್ಲಿ ಹಾಕಿಡಿ. ನನ್ನ 3.3 ಇನ್ನೂ ಡಬ್ಬಿಯಲ್ಲೇ ಇದೆ, ಕೇಳಿದವರಿಗೆ ಒಂದು ದಿನದ ಮಟ್ಟಿಗೆ ಸಾಲ ಕೊಡುತ್ತೇನೆ.